ಮೈಸೂರಿಗೆ ಹೋದ ಯಂತ್ರ

ಸಾತನೂರು
೧೩ ನವೆಂಬರ್ ೨೦೦೬

ಮುಕ್ತಿಯಾರಣ್ಣ,

ಐದು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗುರುತು ಸಿಕ್ಕಿತೋ ಇಲ್ಲವೋ. ಕನಕಪುರದ ನಂದಿಧ್ವಜ ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ನೀವು ಟ್ರೆಡಲ್ ಯಂತ್ರ ತುಳಿದಿರಿ, ನಾನು ಗೋಡೆ ಪಕ್ಕ ನಿಂತು ಅಚ್ಚುಮೊಳೆ ಜೋಡಿಸಿದೆ. ಆ ನಾಗಲಕ್ಷ್ಮಮ್ಮ ನಾನು. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಕಿವಿಯ ಸಂಗತಿ ನನಗೆ ಗೊತ್ತಲ್ಲ. ಬೂತಿನಲ್ಲಿ ನಿಂತು ಕೂಗಿದರೆ ಸಾತನೂರಿಗೆಲ್ಲ ಕೇಳುತ್ತದೆ, ನಿಮಗೊಬ್ಬರಿಗೆ ಕೇಳುವುದಿಲ್ಲ. ನಿಮ್ಮ ವಿಳಾಸವನ್ನು ಕಬ್ಬಾಳಿನ ಬಸ್ಸಿನಲ್ಲಿ ಸಿಕ್ಕಿದ ನಿಮ್ಮ ಅಳಿಯ ಶುಕೂರ್ ಬರೆದುಕೊಟ್ಟ.

ವಿಷಯ ಹೇಳುತ್ತೇನೆ. ಪ್ರೆಸ್ಸು ಮುಚ್ಚಿದಾಗ ನಮ್ಮ ಮಾಲೀಕ ಬೋರಲಿಂಗಯ್ಯನವರ ಮಗ ಮನೋಹರ್ ಅವರನ್ನು ಕೇಳಿ ಹದಿನಾಲ್ಕು ಮರದ ಕೇಸು ತುಂಬ ಅಚ್ಚುಮೊಳೆ ಮನೆಗೆ ತಂದಿದ್ದೆನಲ್ಲ, ಅವು ಇಷ್ಟು ದಿನ ನನ್ನ ಮಂಚದ ಕೆಳಗೇ ಇದ್ದವು. ಪಕ್ಕದ ಮನೆಗೆ ರಮ್ಯಾ ಅಂತ ಹೈಸ್ಕೂಲು ಮೇಡಂ ಬಾಡಿಗೆಗೆ ಬಂದಿದ್ದಾರೆ. ಒಂದು ದಿನ ಸಕ್ಕರೆ ಕೇಳಲು ಬಂದವರು ಮಂಚದ ಕೆಳಗೆ ಬಗ್ಗಿ ನೋಡಿ, ಸಕ್ಕರೆ ಮರೆತು ನೆಲದ ಮೇಲೆ ಕೂತುಬಿಟ್ಟರು. "ಅಮ್ಮಾ, ಇದನ್ನ ನಾಲ್ಕು ಜನಕ್ಕೆ ಹೇಳ್ಕೊಡಬೇಕು ನೀವು. ಇಲ್ಲದಿದ್ರೆ ನಿಮ್ಮ ಜೊತೆಗೇ ಹೋಗ್ಬಿಡುತ್ತೆ" ಅಂದರು. ಬಾಯಿಗೆ ಬಂದ ಹಾಗೆ ಸಾವಿನ ಮಾತು ಆಡುತ್ತಾರೆ ಅನ್ನಿಸಿದರೂ ಖುಷಿಯಾಯಿತು.

ಕೆಂಚಮ್ಮನವರ ಹುಳುಮನೆ ಖಾಲಿ ಬಿದ್ದಿತ್ತು. ಅವರ ಇಬ್ಬರು ಗಂಡುಮಕ್ಕಳೂ ಕಂಪನಿ ಬಸ್ಸು ಹತ್ತಿ ಬಿಡದಿಯ ಕಾರು ಫ್ಯಾಕ್ಟರಿಗೆ ಹೋಗುತ್ತಾರೆ, ಹಿಪ್ಪುನೇರಳೆ ಕಿತ್ತು ಎರಡು ವರ್ಷವಾಯಿತು. ರೇಷ್ಮೆಹುಳುವಿನ ತಟ್ಟೆ ಇಡುತ್ತಿದ್ದ ಸ್ಟ್ಯಾಂಡಿನಲ್ಲಿ ಈಗ ನಮ್ಮ ಮೊಳೆ ಕೇಸುಗಳು ಕೂತಿವೆ, ಅಳತೆ ಮಾಡಿಸಿದ ಹಾಗೆ. ಪ್ರತಿ ಭಾನುವಾರ ಮೂವತ್ತು ಜನ ಬರುತ್ತಾರೆ. ನಾನು ಮೊಳೆ ಜೋಡಿಸುವುದು ಕಲಿಸುತ್ತೇನೆ. ಮಸಿ ಸವರಿ, ಕಾಗದ ಇಟ್ಟು, ಚಪಾತಿ ಲಟ್ಟಣಿಗೆಯಲ್ಲಿ ಉರುಳಿಸಿ ಕರಡಚ್ಚು ತೆಗೆಯುತ್ತೇವೆ. ನಗಬೇಡಿ.

ನಮಗೆ ಯಂತ್ರ ಬೇಕು. ಯಂತ್ರ ತುಳಿಯುವವರೂ ಬೇಕು. ನಮ್ಮದು ಮೈಸೂರಿನ ಪ್ರೆಸ್ಸಿಗೆ ಹೋಯಿತು ಎಂದು ಆಗ ಹೇಳಿದ್ದಿರಿ. ಯಾವ ಪ್ರೆಸ್ಸು? ಅವರೂ ಈಗ ಕಂಪ್ಯೂಟರಿಗೆ ತಿರುಗಿದ್ದರೆ ಕೇಳಿ ನೋಡೋಣ ಎಂದು ರಮ್ಯಾ ಮೇಡಂ ಆಸೆ. ವಿಳಾಸ ಕಳಿಸಿ. ಗುಲ್ಜಾರ್ ಬೀ ಅಕ್ಕನಿಗೆ ನನ್ನ ನೆನಪು ಹೇಳಿ.

ನಾಗಲಕ್ಷ್ಮಮ್ಮ


ಚನ್ನಪಟ್ಟಣ
೨ ಡಿಸೆಂಬರ್ ೨೦೦೬

ಮಾನ್ಯ ತಂಗಿ ನಾಗಲಕ್ಷ್ಮಮ್ಮನವರಿಗೆ,

ಭಗವಂತನ ಅಸೀಮ ಕೃಪೆಯಿಂದ ಹಾಗೂ ಗುರುಹಿರಿಯರ ಆಶೀರ್ವಾದದಿಂದ ನಾನೂ ಗುಲ್ಜಾರ್ ಬೀಯೂ ಕ್ಷೇಮವಾಗಿರುತ್ತೇವೆ. ತಾವು ಪ್ರೀತಿಯಿಂದ ಬರೆದ ಪತ್ರ ತಲುಪಿ ಪರಮ ಸಂತೋಷವಾಯಿತೆಂದು ಈ ಮೂಲಕ ತಿಳಿಯಪಡಿಸಲು ಹರ್ಷಿಸುತ್ತೇನೆ.

ನಾನು ಶುಕೂರನ ಬೊಂಬೆ ಕಾರ್ಖಾನೆಯಲ್ಲಿ ಕೂರುತ್ತೇನೆ. ಅವನು ಕಡೆಯುತ್ತಾನೆ, ನಾನು ಅರಗಿನ ಬಣ್ಣ ಹಚ್ಚಿದ ಬೊಂಬೆಗೆ ತಾಳೆಗರಿಯಿಂದ ಮೆರುಗು ಕೊಡುತ್ತೇನೆ. ಕಿವಿ ಈಗ ಪೂರ್ತಿ ನಿಂತಿರುತ್ತದೆ. ಕಷ್ಟವೇನಿಲ್ಲ, ಮನೆಯಲ್ಲಿ ಬೈದರೂ ಗೊತ್ತಾಗುವುದಿಲ್ಲ.

ಹುಳುಮನೆಯಲ್ಲಿ ತೇವ ಇರುತ್ತದೆ, ಗೆದ್ದಲು ಹತ್ತದಂತೆ ಕೇಸಿನ ಕೆಳಗೆ ಬೇವಿನ ಸೊಪ್ಪು ಹಾಕಿರಿ. ಲಟ್ಟಣಿಗೆಯಲ್ಲಿ ಉರುಳಿಸಿದರೆ ನಡುವೆ ಒತ್ತಿ ಅಂಚು ತೇಲುತ್ತದೆ. ಶುಕೂರನ ಕೈಲಿ ಬೊಂಬೆ ಮಾಡುವ ಆಲೆಮರದಲ್ಲೇ ರೋಲರ್ ಒಂದು ಕಡೆಸಿ, ಮೇಲೆ ರಬ್ಬರ್ ಸುತ್ತಿ, ಇದರೊಡನೆ ಪಾರ್ಸೆಲ್ ಕಳಿಸಿರುತ್ತೇನೆ. ದಯಮಾಡಿ ಸ್ವೀಕರಿಸಬೇಕಾಗಿ ವಿನಂತಿ.

ಯಂತ್ರದ ವಿಚಾರ. ಅದು ಮೈಸೂರಿಗೆ ಹೋಯಿತು. ಯಾವ ಪ್ರೆಸ್ಸೆಂದು ನಾನು ಕೇಳಲಿಲ್ಲ. ಈಗ ಆ ಮಾತು ಯಾಕೆ. ನನಗೆ ಮಂಡಿನೋವು ಇರುವುದರಿಂದ ತಮ್ಮ ಶುಭ ಸಮಾರಂಭಕ್ಕೆ ಬರಲು ಆಗದು. ಮೂವತ್ತು ಜನ ಬರುವುದನ್ನು ಕೇಳಿ ಸಂತೋಷವಾಯಿತು.

ತಮ್ಮ ಸುಖಾಗಮನವನ್ನು ಬಯಸುವ,
ಮುಕ್ತಿಯಾರ್


ಸಾತನೂರು
೧೮ ಡಿಸೆಂಬರ್ ೨೦೦೬

ಮುಕ್ತಿಯಾರಣ್ಣ,

ನಿಮ್ಮ ಪತ್ರ ಓದಿ ಯಾರ ಮದುವೆ ಎಂದು ಹುಡುಕಿದೆ! ಉರ್ದು ಶಾಲೆಯಲ್ಲಿ ಮೂರನೇ ಕ್ಲಾಸು ಓದಿದವರು ಲಗ್ನಪತ್ರಿಕೆ ನೋಡಿ ನೋಡಿ ಕನ್ನಡ ಕಲಿತರೆ ಹೀಗೇ ಆಗುವುದು. ಮೊದಮೊದಲು ನಿಮಗೆ ಅಕ್ಷರ ತಿರುಗುಮುರುಗಾಗಿದ್ದರೆ ಮಾತ್ರ ಓದಲು ಬರುತ್ತಿತ್ತು, ಮೊಳೆಯ ಮೇಲೆ ಇರುವ ಹಾಗೆ. ಕಾಗದದ ಮೇಲೆ ನೇರವಾಗಿ ನಿಂತ ಕೂಡಲೇ "ಇದು ಯಾವ್ದಮ್ಮ ಅಕ್ಷರ" ಎಂದು ಕೇಳುತ್ತಿದ್ದಿರಿ. ರಮ್ಯಾ ಮೇಡಂಗೆ ಇದನ್ನು ಹೇಳಿದೆ, ಬಿದ್ದು ಬಿದ್ದು ನಕ್ಕರು.

ರೋಲರ್ ಬಂತು. ಎಷ್ಟು ನುಣುಪಾಗಿದೆ! ಅದರಲ್ಲಿ ತೆಗೆದ ಮೊದಲ ಕರಡಚ್ಚು ಗೋಡೆಗೆ ಅಂಟಿಸಿದ್ದೇವೆ.

ಮೊಳೆ ಹಿಡಿದಾಗಲೆಲ್ಲ ಹಳೆಯದು ನೆನಪಾಗುತ್ತದೆ. ನಮ್ಮ ಕೇರಿಯಿಂದ ಅಕ್ಷರ ಮುಟ್ಟುವ ಕೆಲಸಕ್ಕೆ ಹೋದವಳು ಆಗ ನಾನೊಬ್ಬಳೇ. ಏಳನೇ ಕ್ಲಾಸು ಓದಿದವಳನ್ನು ಬೋರಲಿಂಗಯ್ಯನವರು ಒಳಗೆ ಕರೆದು ಕೇಸಿನ ಮುಂದೆ ನಿಲ್ಲಿಸಿದಾಗ ಕೈ ತಪ್ಪಿ ಕೇಸಿನ ಒಂದು ಖಾನೆಯ ಮೊಳೆಯೆಲ್ಲ ಚೆಲ್ಲಿದ್ದೆ. ನೀವು ಯಂತ್ರ ನಿಲ್ಲಿಸಿ ಬಂದು ನನ್ನ ಜೊತೆ ನೆಲದ ಮೇಲೆ ಕೂತು ಒಂದೊಂದೇ ಹೆಕ್ಕಿದಿರಿ. ಬೇಸಿಗೆಯಲ್ಲಿ ಲಗ್ನಪತ್ರಿಕೆಗಳ ರಾಶಿ ಬೀಳುತ್ತಿತ್ತಲ್ಲ, ಆಗ ಅಷ್ಟು ಸದ್ದಿನ ನಡುವೆ ನಿಮ್ಮ ಕಿವಿಗೆ ಮಾತ್ರ ಏನೋ ಕೇಳಿ, ತಟಕ್ಕನೆ ಯಂತ್ರ ನಿಲ್ಲಿಸಿ "ಒಂದು ಎದ್ದೈತೆ ನೋಡಮ್ಮ" ಅನ್ನುತ್ತಿದ್ದಿರಿ. ಬಗ್ಗಿ ನೋಡಿದರೆ ಒಂದು ಮೊಳೆ ಕೂದಲೆಳೆಯಷ್ಟು ಮೇಲೆದ್ದಿರುತ್ತಿತ್ತು.

ವಿಳಾಸ ಗೊತ್ತಿಲ್ಲದಿದ್ದರೆ ಬೇಡ. ನಮ್ಮ ಯಂತ್ರದ ಗುರುತು ನನಗಿದೆ. ಫ್ಲೈವೀಲ್ ಚಕ್ರದ ಒಂದು ಕಡ್ಡಿ ಸೀಳಿ ನೀವೇ ಬೆಸುಗೆ ಹಾಕಿಸಿದ್ದಿರಿ. ಸಂಕ್ರಾಂತಿ ಕಳೆದ ಮೇಲೆ ನಾನೂ ಮೇಡಮ್ಮೂ ಮೈಸೂರಿಗೆ ಹೋಗಿ ಪ್ರೆಸ್ಸಿನ ಬೀದಿಗಳಲ್ಲಿ ಹುಡುಕುತ್ತೇವೆ. ನೀವು ಸುಮ್ಮನೆ ಬಂದು ತುಳಿದರೆ ಸಾಕು. ಮಂಡಿನೋವಿಗೆ ಬೇಕಾದರೆ ಎಣ್ಣೆ ಕಾಯಿಸಿ ಕೊಡುತ್ತೇನೆ.

ನಾಗಲಕ್ಷ್ಮಮ್ಮ


ಸಾತನೂರು
೨೩ ಜನವರಿ ೨೦೦೭

ಮುಕ್ತಿಯಾರಣ್ಣ,

ಹೋದ ಪತ್ರಕ್ಕೆ ಉತ್ತರ ಬರಲಿಲ್ಲ. ಮಂಡಿಯೋ, ಸೋಮಾರಿತನವೋ?

ಮೊನ್ನೆ ಭಾನುವಾರ ಮೈಸೂರಿಗೆ ಹೋಗಿ ಬಂದೆವು. ಬೆಳಿಗ್ಗೆ ಎಂಟಕ್ಕೆ ಇಳಿದವರು ಸಂಜೆ ಐದರವರೆಗೆ ನಡೆದೆವು. ಹನ್ನೊಂದು ಪ್ರೆಸ್ಸು ನೋಡಿದೆವು. ಎಲ್ಲ ಕಡೆ ಗಾಜಿನ ಬಾಗಿಲು, ಒಳಗೆ ಕಂಪ್ಯೂಟರು. ಅಶೋಕಪುರಂ ಹತ್ತಿರ ಒಬ್ಬ ಮುದುಕರು ಒಳಗೆ ಕರೆದು, ಮುಚ್ಚಿದ್ದ ಟ್ರೆಡಲ್ಲಿನ ಮೇಲಿಂದ ಪರದೆ ಸರಿಸಿದರು. ಚಕ್ರದ ಕಡ್ಡಿಗಳನ್ನೆಲ್ಲ ಸವರಿ ನೋಡಿದೆ. ಬೆಸುಗೆ ಇರಲಿಲ್ಲ. ಮಾರುತ್ತೀರಾ ಎಂದು ಮೇಡಂ ಕೇಳಿದ್ದಕ್ಕೆ, "ನಾನಿರೋವರ್ಗೂ ಇಲ್ಲ ಕಣಮ್ಮ" ಅಂದು ಮತ್ತೆ ಪರದೆ ಎಳೆದರು.

ಒಂದು ಚಪ್ಪಲಿ ಕಿತ್ತುಹೋಯಿತು. ಕೈಯಲ್ಲಿ ಹಿಡಿದುಕೊಂಡೇ ನಡೆದೆ. ಮಾರನೆಯ ದಿನ ಜ್ವರ. ಪರವಾಗಿಲ್ಲ, ಈಗ ಇಳಿದಿದೆ. ಆ ಮುದುಕರು, ಐದಾರು ವರ್ಷದ ಹಿಂದೆ ಹೊರಗಿನಿಂದ ಬಂದ ಒಂದು ಯಂತ್ರ ನಂಜನಗೂಡಿಗೆ ಹೋದ ಹಾಗೆ ನೆನಪು ಎಂದರು. ಅದು ನಮ್ಮದೇ ಇರಬೇಕು. ಫೆಬ್ರವರಿ ಮೊದಲ ಭಾನುವಾರ ಅಲ್ಲಿಗೆ ಹೋಗುತ್ತೇವೆ. ನಮ್ಮ ಯಂತ್ರ ಎಲ್ಲೋ ಒಂದು ಕಡೆ ಟಕ್ ಟಕ್ ಎಂದು ನಡೆಯುತ್ತಿದೆ ಎನ್ನುವುದೇ ನನಗೆ ಧೈರ್ಯ.

ನಾಗಲಕ್ಷ್ಮಮ್ಮ


ಚನ್ನಪಟ್ಟಣ
೨೯ ಜನವರಿ ೨೦೦೭

ನಾಗಲಕ್ಷ್ಮಮ್ಮನವರಿಗೆ,

ನಂಜನಗೂಡಿಗೆ ಹೋಗಬೇಡಿ. ಯಂತ್ರದ ವಿಚಾರ ಬಿಟ್ಟುಬಿಡಿ. ಮೇಡಮ್ಮಿಗೂ ಹೇಳಿ. ಕಾಲಿಗೆ ಒಳ್ಳೆಯ ಚಪ್ಪಲಿ ತೆಗೆದುಕೊಳ್ಳಿ.

ಮುಕ್ತಿಯಾರ್


ಸಾತನೂರು
೮ ಫೆಬ್ರವರಿ ೨೦೦೭

ಮುಕ್ತಿಯಾರಣ್ಣನವರಿಗೆ,

ನಾಲ್ಕು ಸಾಲು ಬರೆದಿರಿ. ಅದರಲ್ಲೂ ಹೋಗಬೇಡಿ, ಬಿಟ್ಟುಬಿಡಿ. ನೀವು ಹೇಳಿದಿರೆಂದು ನಂಜನಗೂಡಿಗೆ ಹೋಗಲಿಲ್ಲ. ಆದರೆ ಅರ್ಥವಾಯಿತು. ಇಬ್ಬರು ಹೆಂಗಸರು ಸೇರಿ ಪ್ರೆಸ್ಸು ನಡೆಸುತ್ತಾರಂತೆ ಎಂದು ನಿಮಗೆ ನಗು ಬಂದಿರಬೇಕು. ಹಾಗಿದ್ದರೆ ಮೊದಲ ಪತ್ರದಲ್ಲೇ ಹೇಳಬಹುದಿತ್ತು. ಮಂಡಿಯ ನೆಪ ಯಾಕೆ ಬೇಕಿತ್ತು?

ಇಲ್ಲಿನ ಕಷ್ಟ ನಿಮಗೆ ಬರೆದಿರಲಿಲ್ಲ. ಗಾರ್ಮೆಂಟ್ಸ್ ಕಂಟ್ರಾಕ್ಟರ್ ಒಬ್ಬ ಬಂದು ಕೆಂಚಮ್ಮನವರ ಹುಳುಮನೆ ಕೇಳುತ್ತಿದ್ದಾನೆ. ಇಪ್ಪತ್ತು ಹೊಲಿಗೆ ಮೆಷಿನ್ನು ಹಾಕುತ್ತಾನಂತೆ. ಕೆಂಚಮ್ಮ ಕೆಟ್ಟವರಲ್ಲ. ಶುರುವಿನಲ್ಲಿ ಬೀಗದ ಕೈಯನ್ನು ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದವರು ಈಗ ನನ್ನ ಕೈಗೇ ಕೊಡುತ್ತಾರೆ, ಒಂದು ಲೋಟ ಮಜ್ಜಿಗೆಯನ್ನೂ ಕೊಡುತ್ತಾರೆ. ಆದರೂ ನಿನ್ನೆ ಹೇಳಿದರು: "ಯುಗಾದಿವರ್ಗೂ ನೋಡ್ತೀನಿ ನಾಗಮ್ಮ. ಮಿಷಿನ್ ಬಂದು ನಿಮ್ದೊಂದು ಪ್ರೆಸ್ಸು ಅಂತ ಆದ್ರೆ ಸರಿ. ಬರೀ ಮೊಳೆ ಇಟ್ಕೊಂಡು ಕುಂತ್ರೆ ನನ್ ಮಕ್ಳು ಸುಮ್ಕಿರಾಕಿಲ್ಲ."

ನೀವು ಮೊದಲು ಹೀಗಿರಲಿಲ್ಲ. ನನ್ನ ಮಗಳು ಜ್ವರದಲ್ಲಿ ತೀರಿಕೊಂಡ ವರ್ಷ, ಹನ್ನೊಂದನೆಯ ದಿನಕ್ಕೆ ನಾನು ಕೆಲಸಕ್ಕೆ ಬಂದಾಗ ಕೈಗೆ ಒಂದು ನಾಮಕರಣದ ಪತ್ರಿಕೆ ಬಂತು. ನೀವು ಬಂದು ನನ್ನ ಕೈಯಿಂದ ಆ ಹಾಳೆ ಕಿತ್ತುಕೊಂಡು, ಬರದ ಕನ್ನಡದಲ್ಲಿ ನೀವೇ ಅರ್ಧ ದಿನ ನಿಂತು ಜೋಡಿಸಿದಿರಿ. ಏಳು ತಪ್ಪಿತ್ತು. ಬೋರಲಿಂಗಯ್ಯನವರು ಬೈಯದೆ ತಿದ್ದಿದರು. ಆ ಮುಕ್ತಿಯಾರಣ್ಣನಿಗೆ ನಾನು ಪತ್ರ ಬರೆದೆ ಅಂದುಕೊಂಡಿದ್ದೆ.

ಇನ್ನು ತೊಂದರೆ ಕೊಡುವುದಿಲ್ಲ.

ನಾಗಲಕ್ಷ್ಮಮ್ಮ


ಚನ್ನಪಟ್ಟಣ
೨೦ ಫೆಬ್ರವರಿ ೨೦೦೭

ನಾಗಮ್ಮ,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಲಗ್ನಪತ್ರಿಕೆಯ ಮಾತು ಇದಕ್ಕೆ ಹೊಂದುವುದಿಲ್ಲ. ಬಾಯಲ್ಲಿ ಬರುವ ಹಾಗೆ ಬರೆಯುತ್ತೇನೆ, ನೀನು ಎಂದು ಕರೆಯುತ್ತೇನೆ, ತಪ್ಪು ತಿಳಿಯಬೇಡ.

ಯಂತ್ರ ಮೈಸೂರಿಗೆ ಹೋಗಲಿಲ್ಲ. ಎಲ್ಲಿಗೂ ಹೋಗಲಿಲ್ಲ. ಅದನ್ನು ನಾನು ಒಡೆದೆ.

ನೀನು ತಂಗಿಯ ಬಾಣಂತನಕ್ಕೆಂದು ಮಳವಳ್ಳಿಗೆ ಹೋಗಿದ್ದ ವಾರ ಅದು. ಮನೋಹರ್ ಮಳಿಗೆಯನ್ನು ಮೊಬೈಲ್ ಅಂಗಡಿಯವರಿಗೆ ಮಾರಿದ್ದ. "ಸಾಯಂಕಾಲದೊಳ್ಗೆ ರೂಮು ಖಾಲಿ ಆಗ್ಬೇಕು ಮುಕ್ತಿಯಾರ್" ಅಂದ. ಗುಜರಿಯವರು ಲಾರಿ ತಂದಿದ್ದರು. ಇಬ್ಬರು ಆಳು, ಎರಡು ದೊಡ್ಡ ಸುತ್ತಿಗೆ. ಒಬ್ಬ ಬಂದವನೇ ಫ್ಲೈವೀಲಿಗೆ ಒಂದು ಏಟು ಹಾಕಿದ. ನಾನು ಅಡ್ಡ ನಿಂತೆ. ಬಿಚ್ಚಿಕೊಡುತ್ತೇನೆ, ಒಡೆಯಬೇಡಿ ಎಂದೆ.

ಬಿಚ್ಚಿದೆ. ರೋಲರ್ ತೆಗೆದೆ, ಮಸಿ ತಟ್ಟೆ ತೆಗೆದೆ, ಕಾಗದದ ಹಲಗೆ ತೆಗೆದೆ. ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ಒರೆಸಿ ಇಟ್ಟೆ, ನಮ್ಮವರು ತೀರಿಕೊಂಡವರ ಮಯ್ಯತ್ತಿಗೆ ಸ್ನಾನ ಮಾಡಿಸುವ ಹಾಗೆ. ಯಾರಾದರೂ ಪ್ರೆಸ್ಸಿನವರು ಕೊಳ್ಳಬಹುದು ಎಂದು ಆಸೆ ಇತ್ತು. ಆದರೆ ಯಂತ್ರದ ಮೈಕಟ್ಟು ಬಾಗಿಲಲ್ಲಿ ತೂರಲಿಲ್ಲ. ನಿನಗೆ ಗೊತ್ತಲ್ಲ, ಯಂತ್ರ ಕೂರಿಸಿದ ಮೇಲೆ ಬೋರಲಿಂಗಯ್ಯನವರು ಆ ಬಾಗಿಲು ಕಟ್ಟಿಸಿದ್ದು. ಗೋಡೆ ಒಡೆಯಲು ಮನೋಹರ್ ಒಪ್ಪಲಿಲ್ಲ. ಆಳುಗಳು ಬಾಯಿಗೆ ಬಂದ ಹಾಗೆ ಬೈಯುತ್ತಾ ಅಲ್ಲಿ ಇಲ್ಲಿ ಹೊಡೆಯತೊಡಗಿದರು. ಪೆಟ್ಟು ತಪ್ಪಿ ಬೀಳುತ್ತಿತ್ತು. ಅದು ಸಾಯುತ್ತಲೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. "ಕೊಡ್ಲಾ ಇಲ್ಲಿ" ಎಂದು ಸುತ್ತಿಗೆ ಕಿತ್ತುಕೊಂಡೆ. ಎಲ್ಲಿ ಹೊಡೆದರೆ ಬೇಗ ಆಗುತ್ತದೆಂದು ನನಗೆ ಗೊತ್ತಿತ್ತು. ನಾಲ್ಕು ಏಟು. ಬೀಡುಕಬ್ಬಿಣ ಬಾಗುವುದಿಲ್ಲ ನಾಗಮ್ಮ, ಒಡೆಯುತ್ತದೆ. ಒಳಗೆ ಕಲ್ಲುಪ್ಪಿನ ಹಾಗೆ ಮಿನುಗುತ್ತಿತ್ತು. ಇಪ್ಪತ್ತೆರಡು ವರ್ಷ ತುಳಿದರೂ ಅದರ ಒಳಗು ನೋಡಿರಲಿಲ್ಲ.

ನೀನು ಊರಿಂದ ಬಂದವಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ "ನಮ್ ಮಿಷಿನ್ ಎಲ್ಲೋಯ್ತಣ್ಣ" ಎಂದೆ. ಬಾಯಿ ತಾನೇ ಮೈಸೂರು ಅಂತು. ನಿನ್ನ ಮುಖ ಅರಳಿತು. ಅದನ್ನು ನೋಡಿದ ಮೇಲೆ ನಿಜ ಹೇಳಲಾಗಲಿಲ್ಲ.

ಮಂಡಿನೋವು ಇಲ್ಲ. ನಗಲೂ ಇಲ್ಲ. ನೀನು ಚಪ್ಪಲಿ ಕೈಲಿ ಹಿಡಿದು ಮೈಸೂರಿನಲ್ಲಿ ನಡೆದದ್ದನ್ನು ಓದಿ ಊಟ ಸೇರಲಿಲ್ಲ.

ಮುಕ್ತಿಯಾರ್


ಚನ್ನಪಟ್ಟಣ
೩ ಏಪ್ರಿಲ್ ೨೦೦೭

ನಾಗಮ್ಮ,

ಆರು ವಾರವಾಯಿತು, ನಿನ್ನ ಉತ್ತರ ಇಲ್ಲ. ಪೋಸ್ಟಿನವನು ದೂರದಿಂದಲೇ ನನಗೆ ಕೈಯಾಡಿಸಿ ಇಲ್ಲ ಎಂದು ಹೇಳಿ ಹೋಗುತ್ತಾನೆ. ಬರೆಯದಿದ್ದರೂ ಸರಿ, ಇದನ್ನು ಓದು.

ಯುಗಾದಿ ಕಳೆದ ಭಾನುವಾರ ನಾನು ಸಾತನೂರಿಗೆ ಬಂದಿದ್ದೆ. ಕೆಂಚಮ್ಮನವರ ಮನೆ ಕೇಳಿಕೊಂಡು ಹುಳುಮನೆಯ ಕಿಟಕಿಯವರೆಗೂ ಬಂದೆ. ಒಳಗೆ ಬರುವ ಮುಖ ಇರಲಿಲ್ಲ. ನೀನು ಬೆನ್ನು ತಿರುಗಿಸಿ ಮೊಳೆ ಬಿಚ್ಚಿ ಕೇಸಿಗೆ ಹಾಕುತ್ತಿದ್ದೆ. ಜೊತೆಯಲ್ಲಿ ಕನ್ನಡಕದ ಮೇಡಮ್ಮು, ಒಬ್ಬರು ವಯಸ್ಸಾದವರು, ಒಬ್ಬ ಹೆಂಗಸು. ಮೂವತ್ತು ಜನ ಅಲ್ಲ, ಮೂರು ಜನ. ನಿನ್ನ ಸುಳ್ಳು ಹಿಡಿಯಬೇಕೆಂದು ಎಣಿಸಲಿಲ್ಲ ತಾಯಿ. ನನ್ನ ಸುಳ್ಳಿನ ಮುಂದೆ ಅದು ಏನೂ ಅಲ್ಲ. ಹುಳುಮನೆಯ ಇನ್ನರ್ಧದಲ್ಲಿ ಹೊಲಿಗೆ ಮೆಷಿನ್ನುಗಳು ಬಂದು ಕೂತಿದ್ದವು. ಕೆಂಚಮ್ಮ ಪೂರ್ತಿ ಬಿಡಿಸಿಲ್ಲ ಎಂದು ನೆಮ್ಮದಿಯಾಗಿ ವಾಪಸ್ ಬಸ್ಸು ಹತ್ತಿದೆ.

ಆಮೇಲೆ ಹುಡುಕಲು ಶುರು ಮಾಡಿದೆ. ಶುಕೂರನ ಕೈಲಿ ಒಂದು ಚೀಟಿ ಬರೆಸಿದೆ: "ಸ್ವಾಮಿ, ನನಗೆ ಕಿವಿ ಕೇಳುವುದಿಲ್ಲ. ಹಳೇ ಟ್ರೆಡಲ್ ಯಂತ್ರ ಇದ್ದರೆ ದಯವಿಟ್ಟು ತೋರಿಸಿ." ಚನ್ನಪಟ್ಟಣದಲ್ಲಿ ಎರಡು ಇದ್ದವು, ಎರಡೂ ಗುಜರಿಗೆ ಹೋಗಿವೆ. ರಾಮನಗರದಲ್ಲಿ ಒಂದು ಇದೆ, ಬಿಲ್ ಬುಕ್ಕಿಗೆ ನಂಬರ್ ಹಾಕಲು ಬೇಕಂತೆ, ಕೊಡುವುದಿಲ್ಲ. ಮಾಗಡಿಯಲ್ಲಿ ಒಬ್ಬರು ಚೀಟಿ ಓದಿ, ಕೈ ಹಿಡಿದು ಸಂದಿಯೊಳಗೆ ಅಂಕಮ್ಮ ಎಂಬುವರ ಮನೆಗೆ ಬಿಟ್ಟರು. ಗಂಡ ಪ್ರೆಸ್ಸು ಇಟ್ಟಿದ್ದವರು, ತೀರಿಕೊಂಡು ಎಂಟು ವರ್ಷ. ಹಿತ್ತಲ ಕೋಣೆಯಲ್ಲಿ ರಾಗಿ ಮೂಟೆ, ಸೌದೆ, ಅದರ ಕೆಳಗೆ ಯಂತ್ರ. ನಮ್ಮದಕ್ಕಿಂತ ಸಣ್ಣದು. ಚಕ್ರ ಹಿಡಿದು ನೂಕಿದೆ. ತುಕ್ಕು ಉದುರಿತು, ಒಂದಂಗುಲ ತಿರುಗಿತು. ಜೀವ ಇದೆ.

ಅಂಕಮ್ಮ ಏನೋ ಜೋರಾಗಿ ಹೇಳಿದರು. ನನಗೆ ತುಟಿ ಮಾತ್ರ ಕಂಡಿತು. ಅವರ ಸೊಸೆ ಕ್ಯಾಲೆಂಡರಿನ ಹಿಂದೆ ಅವರ ಮಾತನ್ನು ಹಾಗೇ ಬರೆದು ತೋರಿಸಿದಳು: "ಗುಜ್ರಿಯೋರು ಬಂದು ಬಂದು ಓಗವ್ರೆ. ನಾ ಕೊಟ್ಟಿಲ್ಲ. ನೀ ತಗೊಂಡೋಗಿ ಅವ್ರಿಗೇ ಹಾಕಲ್ಲ ಅಂತ ಏನ್ ಗ್ಯಾರಂಟಿ?"

ಹಾಕುವುದಿಲ್ಲ ಎಂದು ಹೇಳಿ ತರಬಹುದಿತ್ತು. ಆದರೆ ನಿನಗೆ ಹೇಳಿದ ಸುಳ್ಳಿನ ಮೇಲೆ ಇನ್ನೊಂದು ಬೇಡ ಅನ್ನಿಸಿತು. ಎಲ್ಲ ಹೇಳಿದೆ. ಸುತ್ತಿಗೆ, ನಾಲ್ಕು ಏಟು, ಮೈಸೂರು, ನೀನು. ಹೇಳುವಾಗ ಎಷ್ಟು ಜೋರಾಗಿ ಕಿರುಚುತ್ತಿದ್ದೆನೋ ಗೊತ್ತಿಲ್ಲ, ಸಂದಿಯ ಜನ ಬಾಗಿಲಿಗೆ ಬಂದು ನಿಂತಿದ್ದರು. ಆಮೇಲೆ ಅಂಕಮ್ಮ ಕೇಳಿದ್ದನ್ನು ಸೊಸೆ ಬರೆದಳು: "ಇನ್ನೊಂದ್ಸಲ ಒಡೀತೀಯಾ?" ಇಲ್ಲ ಎಂದು ತಲೆಯಾಡಿಸಿದೆ. ಅವರು ಎದ್ದು ಹೋಗಿ ತಾವೇ ಒಂದೊಂದಾಗಿ ಸೌದೆ ತೆಗೆಯತೊಡಗಿದರು.

ಯಂತ್ರ ನಿನ್ನ ಹುಳುಮನೆಗೆ ಎಂದು ಹೇಳಿ ಬಂದಿದ್ದೇನೆ. ನೀನು ಬೇಡ ಎಂದರೆ ನನಗೆ ಬೇರೆ ಜಾಗ ಇಲ್ಲ.

ಮುಕ್ತಿಯಾರ್


ಸಾತನೂರು
೧೧ ಏಪ್ರಿಲ್ ೨೦೦೭

ಮುಕ್ತಿಯಾರಣ್ಣ,

ನಿಮ್ಮ ಫೆಬ್ರವರಿಯ ಪತ್ರವನ್ನು "ಅದನ್ನು ನಾನು ಒಡೆದೆ" ಎಂಬಲ್ಲಿಗೆ ಮಡಚಿ ಇಟ್ಟೆ. ಮುಂದಿನದನ್ನು ಓದಲು ಹದಿನೈದು ದಿನ ಬೇಕಾಯಿತು. ಓದಿದ ಮೇಲೆ ಬರೆಯಲು ಕೂತರೆ ಕೈ ಬರಲಿಲ್ಲ.

ಕ್ಷಮಿಸಿದೆ ಎಂದು ಸಲೀಸಾಗಿ ಬರೆದರೆ ಅದೂ ಸುಳ್ಳಾಗುತ್ತದೆ. ಒಡೆದದ್ದಕ್ಕೆ ಸಿಟ್ಟಿಲ್ಲ. ನಾನು ಅಲ್ಲಿದ್ದಿದ್ದರೆ ಬಾಗಿಲಲ್ಲಿ ನಿಂತು ಅಳುತ್ತಿದ್ದೆ, ಅವರು ಸಾಯಂಕಾಲದವರೆಗೂ ಹೊಡೆಯುತ್ತಿದ್ದರು. ನೀವು ನಾಲ್ಕೇ ಏಟಿಗೆ ಮುಗಿಸಿದಿರಿ. ಮೈಸೂರು ಎಂದದ್ದು ಮಾತ್ರ ಚುಚ್ಚುತ್ತದೆ. ಐದು ವರ್ಷ ನಾನು ಅಂಗನವಾಡಿಯಲ್ಲಿ ಉಪ್ಪಿಟ್ಟು ಕಲಸುತ್ತಾ, ಈಗ ಮೈಸೂರಿನಲ್ಲಿ ಯಾರೋ ನಮ್ಮ ಯಂತ್ರಕ್ಕೆ ಮಸಿ ಹಾಕುತ್ತಿರಬೇಕು ಅಂದುಕೊಳ್ಳುತ್ತಿದ್ದೆ. ಅದು ಇಲ್ಲವೇ ಇಲ್ಲ ಎಂದಾಗ ಹಿಂದಿನ ಐದೂ ವರ್ಷ ಒಟ್ಟಿಗೆ ಖಾಲಿಯಾದ ಹಾಗಾಯಿತು. ಆದರೆ ಆ ಐದು ವರ್ಷ ನೆಮ್ಮದಿಯಿಂದ ಇದ್ದದ್ದೂ ನಿಮ್ಮ ಸುಳ್ಳಿನಿಂದಲೇ. ಲೆಕ್ಕ ನನಗೆ ಸರಿಹೋಗುತ್ತಿಲ್ಲ, ಬಿಟ್ಟಿದ್ದೇನೆ.

ಹೌದು, ಮೂರೇ ಜನ. ಮೇಡಂ, ನಿವೃತ್ತ ಪೋಸ್ಟ್ ಮಾಸ್ಟರ್ ಗಂಗಹನುಮಯ್ಯನವರು, ಮತ್ತು ಕೆಂಚಮ್ಮನವರ ಸೊಸೆ. ಮೂರು ಎಂದರೆ ನೀವು ಬರುವುದಿಲ್ಲ ಎಂದು ಮೂವತ್ತು ಬರೆದೆ. ಆದರೆ ಈಗ ನಿಜವಾಗಿ ನಾಲ್ಕು. ಗಾರ್ಮೆಂಟ್ಸಿನ ಭಾನುಪ್ರಿಯ, ಎರಡು ಮಕ್ಕಳ ತಾಯಿ, ಹೊಲಿಗೆ ಮೆಷಿನ್ನಿನಿಂದ ಎದ್ದು ಬಂದು ಕೇಸಿನ ಮುಂದೆ ನಿಲ್ಲುತ್ತಾಳೆ. "ನನ್ ಎಸ್ರು ಜೋಡ್ಸಿ ತೋರ್ಸಕ್ಕ" ಅಂದಳು. ತೋರಿಸಿದೆ. ಮಾರನೆಯ ವಾರ ತಾನೇ ಜೋಡಿಸಿದಳು.

ಮಾಗಡಿಯ ಯಂತ್ರದ ಅಗಲ ಎಷ್ಟು? ನಾನು ಹುಳುಮನೆಯ ಬಾಗಿಲು ಅಳೆದೆ. ಸೊಪ್ಪಿನ ಹೊರೆ ಹೊತ್ತವರು ಸಲೀಸಾಗಿ ಬರಲಿ ಎಂದು ಮಾಡಿಸಿದ್ದು, ಐದೂವರೆ ಅಡಿ ಇದೆ. ಯಾವುದನ್ನೂ ಒಡೆಯಬೇಕಾಗಿಲ್ಲ. ಕೆಂಚಮ್ಮನವರ ದೊಡ್ಡ ಮಗ ಟ್ರಾಕ್ಟರ್ ಕೊಡುತ್ತಾನಂತೆ.

ಬನ್ನಿ. ಈ ಸಲ ಕಿಟಕಿಯಲ್ಲಿ ನಿಲ್ಲಬೇಡಿ.

ನಾಗಲಕ್ಷ್ಮಮ್ಮ


ಸಾತನೂರು
೧೭ ಸೆಪ್ಟೆಂಬರ್ ೨೦೦೭

ಮುಕ್ತಿಯಾರಣ್ಣ,

ಮಾಗಡಿಯ ಯಂತ್ರ ಬಂದ ಮೇ ತಿಂಗಳಿಂದ ಭಾನುವಾರ ಭಾನುವಾರ ನೀವೇ ಬರುತ್ತಿದ್ದುದರಿಂದ ಪತ್ರ ಬರೆಯುವುದೇ ಮರೆತಿತ್ತು. ನಾಲ್ಕು ವಾರದಿಂದ ನೀವಿಲ್ಲ. ಗುಲ್ಜಾರ್ ಬೀ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆಂದು ಶುಕೂರ್ ಹೇಳಿದಾಗಿನಿಂದ ಮನಸ್ಸು ಅಲ್ಲೇ ಇದೆ. ಎದ್ದು ಕೂರುತ್ತಾರಾ? ಊಟ ನೀವೇ ಮಾಡಿಸುತ್ತೀರಂತೆ, ಒಳ್ಳೆಯದು.

ಇಲ್ಲಿನ ಸಮಾಚಾರ ದೊಡ್ಡದು. ಹೋದ ತಿಂಗಳು ರಾಮನಗರ ಜಿಲ್ಲೆ ಆಯಿತಲ್ಲ. ನಮ್ಮ ಪಕ್ಕದ ಹಳ್ಳಿಯ ಹಾಲಿನ ಸೊಸೈಟಿ ಕಾರ್ಯದರ್ಶಿ ದೇವರಾಜು ಓಡಿ ಬಂದ. ಅವರ ಲೆಟರ್‌ಹೆಡ್ಡು ಎರಡು ಸಾವಿರ ಹಾಳೆ ಹೊಸದಾಗಿ ಅಚ್ಚಾಗಿ ಬಂದಿದೆ, ಎಲ್ಲದರ ಮೇಲೂ ಬೆಂಗಳೂರು ಗ್ರಾಮಾಂತರ ಜಿಲ್ಲೆ ಎಂದಿದೆ. ಹಳೆಯದರ ಮೇಲೆ ಒಂದು ಗೆರೆ ಎಳೆದು ಕೆಳಗೆ ಹೊಸ ಹೆಸರು ಅಚ್ಚು ಹಾಕಿಕೊಡಬೇಕು. ಕಂಪ್ಯೂಟರಿನವನು ಇವನ್ನೆಲ್ಲ ಎಸೆದು ಹೊಸದು ಹಾಕಿಸಿ ಎಂದನಂತೆ. "ಬುಧವಾರ ಮೀಟಿಂಗ್ ಐತೆ ನಾಗಕ್ಕ. ಆಯ್ತದೆ ಅಂದ್ರೆ ಹೇಳು, ಇಲ್ಲಾ ಅಂದ್ರೆ ಎಲ್ಲಾ ತಿಪ್ಪೆಗಾಕ್ತೀನಿ" ಅಂದ.

ನೀವಿಲ್ಲದೆ ಯಂತ್ರ ಮುಟ್ಟಬಾರದು ಎಂದು ನನ್ನ ಮನಸ್ಸು. ಮೇಡಂ ನಿಮಗೆ ಹೇಳಿಕಳಿಸೋಣ ಎಂದರು. ಸೊಂಟ ಮುರಿದ ಹೆಂಡತಿಯನ್ನು ಬಿಟ್ಟು ಬನ್ನಿ ಎಂದು ಹೇಗೆ ಹೇಳಿಕಳಿಸುವುದು?

ಭಾನುಪ್ರಿಯ ಎದ್ದು ನಿಂತಳು. "ನಾನು ತುಳೀತೀನಿ ಕಣಕ್ಕ. ದಿನಾ ತುಳಿಯೋದೇ ಅಲ್ವಾ, ಇದು ಒಸಿ ದೊಡ್ಡದು ಅಷ್ಟೇ." ನಾನು ರಾಮನಗರ ಜಿಲ್ಲೆ ಜೋಡಿಸಿ, ಮೇಲೆ ಒಂದು ಹಿತ್ತಾಳೆ ಗೆರೆ ಇಟ್ಟು, ಬಿಗಿದು ಕೊಟ್ಟೆ. ಮೊದಲ ಐವತ್ತು ಹಾಳೆ ಹಾಳು. ಗೆರೆ ಬೆಂಗಳೂರಿನ ಮೇಲೆ ಬೀಳದೆ ಕಾರ್ಯದರ್ಶಿಯ ಹೆಸರಿನ ಮೇಲೆ ಬಿತ್ತು. ದೇವರಾಜು ನೋಡಿ, "ಅಯ್ಯೋ, ನನ್ನೇ ಒಡೆದಾಕ್ಬುಟ್ರಲ್ಲಕ್ಕ!" ಎಂದ. ಹೊಲಿಗೆಯ ಹೆಂಗಸರೆಲ್ಲ ಮೆಷಿನ್ನು ನಿಲ್ಲಿಸಿ ನಕ್ಕರು. ಆಮೇಲೆ ಗಂಗಹನುಮಯ್ಯನವರು ಹಲಗೆಯ ಮೇಲೆ ಕಾಗದ ನಿಲ್ಲುವ ಗೂಟ ಸರಿಸಿದರು. ನೂರನೆಯ ಹಾಳೆಗೆ ಭಾನುಪ್ರಿಯಳ ಕಾಲು ಕುದುರಿತು. ಮೇಡಂ ಹಾಳೆ ಇಟ್ಟರು, ಕೆಂಚಮ್ಮನವರ ಸೊಸೆ ತೆಗೆದಳು, ಕೆಂಚಮ್ಮ ಬಂದು ಹುಳುವಿನ ತಟ್ಟೆಯಲ್ಲಿ ಒಂದೊಂದಾಗಿ ಆರಹಾಕಿದರು. ಎರಡು ದಿನ ಹಿಡಿಯಿತು. ಎರಡು ಸಾವಿರದಲ್ಲಿ ನೂರಹತ್ತು ಹಾಳೆ ಹಾಳು. ಸೊಸೈಟಿಯವರು ಒಪ್ಪಿಕೊಂಡರು. ಈಗ ಇನ್ನೆರಡು ಸೊಸೈಟಿಯವರು, ಒಂದು ಶಾಲೆಯವರು ಹೇಳಿ ಹೋಗಿದ್ದಾರೆ.

ನಿಮ್ಮನ್ನು ಕೇಳದೆ ಮಾಡಿದೆ ಎಂದು ಹೆದರಿಕೆ ಇದೆ. ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಏನಿದ್ದರೂ ಇದ್ದ ಹಾಗೆ ಹೇಳಿ.

ನಾಗಲಕ್ಷ್ಮಮ್ಮ


ಚನ್ನಪಟ್ಟಣ
೨೪ ಸೆಪ್ಟೆಂಬರ್ ೨೦೦೭

ನಾಗಮ್ಮ,

ಗುಲ್ಜಾರ್ ಬೀ ನಿನ್ನೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದಳು. ನಿನ್ನ ಹಾಳೆಯನ್ನು ಮೊದಲು ಅವಳೇ ನೋಡಿದ್ದು. ಕನ್ನಡ ಓದಲು ಬರುವುದಿಲ್ಲ, ಆದರೆ ಮೂಗಿನ ಹತ್ತಿರ ಹಿಡಿದು ಮಸಿಯ ವಾಸನೆ ನೋಡಿ ನನ್ನ ಕಡೆ ಚಾಚಿದಳು. ನಾನು ಕೆಲಸದಿಂದ ಬಂದ ಮೇಲೆ ನನ್ನ ಅಂಗಿಯೂ ಹೀಗೇ ನಾರುತ್ತಿತ್ತೆಂದು ಸನ್ನೆ ಮಾಡಿದಳು.

ಇದ್ದ ಹಾಗೆ ಹೇಳಿ ಎಂದೆಯಲ್ಲ, ಹೇಳುತ್ತೇನೆ. ಹಾಳೆ ತಿರುಗಿಸಿ ಹಿಂದೆ ಬೆರಳಾಡಿಸಿದೆ. ಅಕ್ಷರ ಹಿಂಬದಿಗೆ ಎದ್ದಿದೆ. ಒತ್ತಡ ಜಾಸ್ತಿ. ಕಾಗದದ ಕೆಳಗೆ ಎಷ್ಟು ಹಾಳೆ ಮೆತ್ತೆ ಹಾಕಿದ್ದೀರೋ ಅದರಲ್ಲಿ ಒಂದು ತೆಗೆಯಿರಿ. ಇಲ್ಲದಿದ್ದರೆ ಮೊಳೆ ಬೇಗ ಸವೆಯುತ್ತದೆ. ಎಡಗಡೆ ಮಸಿ ತೆಳು, ಬಲಗಡೆ ದಪ್ಪ. ರೋಲರಿನ ಎಡಗಡೆಯ ಬೋಲ್ಟು ಅರ್ಧ ಸುತ್ತು ಬಿಗಿ ಮಾಡಿ, ಅರ್ಧಕ್ಕಿಂತ ಹೆಚ್ಚು ಬೇಡ. ಗೆರೆ ನೇರವಾಗಿದೆ. ಜೋಡಣೆಯಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಭಾನುಪ್ರಿಯಳಿಗೆ ಹೇಳು, ಬಲಗಾಲು ಒಂದರಲ್ಲೇ ತುಳಿದರೆ ಹತ್ತು ವರ್ಷಕ್ಕೆ ಸೊಂಟ ಹೋಗುತ್ತದೆ. ನೂರು ಹಾಳೆಗೊಮ್ಮೆ ಕಾಲು ಬದಲಿಸಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮತ್ತೆ, ಕಿವಿಗೆ ಹತ್ತಿ ಇಟ್ಟುಕೊಳ್ಳಲಿ. ಹಟ ಮಾಡಿದರೆ ನನ್ನನ್ನು ತೋರಿಸು.

ಮಾಗಡಿಗೆ ಒಂದು ಹಾಳೆ ಕಳಿಸು. ಅಂಕಮ್ಮನವರ ಸೊಸೆ ಓದಿ ಹೇಳುತ್ತಾಳೆ.

ಇವಳು ಬಾಗಿಲವರೆಗೆ ಒಬ್ಬಳೇ ನಡೆಯಲಿ, ಮೊದಲ ಬಸ್ಸಿಗೆ ಬರುತ್ತೇನೆ. ಅದು ಈ ಭಾನುವಾರವೋ, ಮುಂದಿನದೋ ಗೊತ್ತಿಲ್ಲ. ಶಾಲೆಯವರ ಕೆಲಸ ನನಗಾಗಿ ಇಟ್ಟುಕೊಂಡು ಕೂರಬೇಡಿ. ಯಂತ್ರ ನಿಲ್ಲಿಸಬೇಡಿ.

ಮುಕ್ತಿಯಾರ್